ಕ್ಲೌಡ್‌ನಲ್ಲಿಟ್ಟ ಮಾಹಿತಿಯನ್ನು ಕಾಯುವುದು ಹೇಗೆ: ಹಂತ ಹಂತವಾದ ಸಮಗ್ರ ಮಾರ್ಗದರ್ಶಿ

2014ರ ಜೂನ್‌ನಲ್ಲಿ ಕೋಡ್ ಸ್ಪೇಸಸ್ ಎಂಬ ಕಂಪನಿ ಸುಮಾರು 12 ಗಂಟೆಗಳಲ್ಲಿ ನೆಲಕಚ್ಚಿತು. ತಂತ್ರಾಂಶ ಬರೆಯುವವರ ಕೋಡನ್ನು ಜೋಪಾನವಾಗಿ ಇಟ್ಟುಕೊಡುವುದೇ ಅದರ ಕಸುಬಾಗಿತ್ತು. ಅದರ ಸರ್ವರ್‌ಗಳು ಅಮೆಜಾನ್‌ನ ಕ್ಲೌಡ್‌ನಲ್ಲಿ, ಎಂದರೆ ಇಂಟರ್‌ನೆಟ್ ಮೂಲಕ ಬಾಡಿಗೆಗೆ ಸಿಗುವ ಕಂಪ್ಯೂಟರ್‌ಗಳಲ್ಲಿ, ಇದ್ದವು. ಆ ಕ್ಲೌಡ್ ಖಾತೆಯ ನಿಯಂತ್ರಣ ಫಲಕದೊಳಗೆ ಯಾರೋ ನುಗ್ಗಿ ಹಣ ಕೇಳಿದರು. ಕಂಪನಿಯವರು ಪಾಸ್‌ವರ್ಡ್ ಬದಲಿಸಿ ಖಾತೆಯನ್ನು ಹಿಡಿತಕ್ಕೆ ತಂದುಕೊಳ್ಳಲು ಹೊರಟಾಗ, ನುಗ್ಗಿದವರು ಮೊದಲೇ ಸೃಷ್ಟಿಸಿಟ್ಟಿದ್ದ ಬೇರೆ ಲಾಗಿನ್‌ಗಳಿಂದ ಒಳಬಂದು ಕೈಗೆ ಸಿಕ್ಕಿದ್ದನ್ನೆಲ್ಲ ಅಳಿಸತೊಡಗಿದರು. ಬ್ಯಾಕಪ್‌ಗಳ ಬಹುಪಾಲು ಅವರ ಕೈಗೆಟುಕುವಲ್ಲೇ ಇತ್ತು. ಅದೂ ಹೋಯಿತು. ಕಂಪನಿ ಬಾಗಿಲು ಮುಚ್ಚಿತು.

ಅಂದು ಅಮೆಜಾನ್‌ನ ದತ್ತಾಂಶ ಕೇಂದ್ರಕ್ಕೆ ಯಾರೂ ಕನ್ನ ಹಾಕಿರಲಿಲ್ಲ, ಯಾವ ಗೂಢಲಿಪಿಯನ್ನೂ ಭೇದಿಸಿರಲಿಲ್ಲ. ಒಂದು ಲಾಗಿನ್ ಸಾಕಾಗಿತ್ತು. ಇಂತಹ ಘಟನೆಗಳನ್ನು ವರ್ಷಗಳಿಂದ ಗಮನಿಸುತ್ತ ಬಂದ ನನಗೆ ಮನದಟ್ಟಾದ ಸಂಗತಿ ಇದು: ಮಾಹಿತಿಯನ್ನು ಕ್ಲೌಡ್‌ಗೆ ಒಯ್ದೊಡನೆ ಅದನ್ನು ಕಾಯುವ ಹೊಣೆ ನಮ್ಮ ತಲೆಯಿಂದ ಇಳಿದುಹೋಗುವುದಿಲ್ಲ, ಎರಡು ಪಾಲಾಗುತ್ತದೆ. ಸೇವಾದಾತರ ಪಾಲನ್ನು ನಾವು ತಿದ್ದಲಾರೆವು. ನಮ್ಮ ಪಾಲನ್ನು ಮಾತ್ರ ನಾವಲ್ಲದೆ ಬೇರೆ ಯಾರೂ ನೋಡಿಕೊಳ್ಳುವುದಿಲ್ಲ. ಈ ಮಾರ್ಗದರ್ಶಿ ಇರುವುದು ಆ ನಮ್ಮ ಪಾಲಿನ ಬಗ್ಗೆ. ಫೋಟೊ ಮತ್ತು ಕಾಗದಪತ್ರಗಳನ್ನು ಕ್ಲೌಡ್‌ನಲ್ಲಿಟ್ಟ ಒಬ್ಬ ವ್ಯಕ್ತಿಗೂ, ಗ್ರಾಹಕರ ವಿವರಗಳನ್ನು ಇಟ್ಟುಕೊಂಡ ಹತ್ತಿಪ್ಪತ್ತು ಜನರ ಸಂಸ್ಥೆಗೂ ಇದು ಹೊಂದುತ್ತದೆ. ಹಂತಗಳನ್ನು ಇರುವ ಕ್ರಮದಲ್ಲೇ ಮಾಡಿ. ಬೀಗವೇ ಇಲ್ಲದ ಖಾತೆಯಲ್ಲಿ ಎನ್‌ಕ್ರಿಪ್ಷನ್ (ಮಾಹಿತಿಯನ್ನು ಗೂಢಲಿಪಿಗೆ ಬದಲಿಸುವುದು) ಬಗ್ಗೆ ತಲೆಕೆಡಿಸಿಕೊಳ್ಳುವುದು ವ್ಯರ್ಥ.

ಹಂತ 1: ಏನೇನು ಎಲ್ಲೆಲ್ಲಿದೆ ಎಂದು ಬರೆಯಿರಿ

ಒಂದು ಹಾಳೆ ತೆಗೆದುಕೊಂಡು ನೀವು ಬಳಸುವ ಪ್ರತಿ ಕ್ಲೌಡ್ ಸೇವೆಯನ್ನೂ ಬರೆಯಿರಿ. ಇಮೇಲ್, ಫೋಟೊ, ಕಡತಗಳ ಸಂಗ್ರಹ ತಟ್ಟನೆ ನೆನಪಾಗುತ್ತವೆ. ಫೋನ್ ತಾನಾಗಿಯೇ ಕಳಿಸುವ ಬ್ಯಾಕಪ್, ಚಾಟ್‌ನ ಬ್ಯಾಕಪ್, ಲೆಕ್ಕಪತ್ರದ ತಂತ್ರಾಂಶ, ಟಿಪ್ಪಣಿಯ ಆ್ಯಪ್, ಸಭೆಗಳ ಧ್ವನಿಮುದ್ರಣ, ಒಂದು ತಿಂಗಳು ಉಚಿತ ಎಂದು ಸೇರಿ ಮರೆತುಬಿಟ್ಟ ಸೇವೆ, ಇವು ನೆನಪಾಗುವುದಿಲ್ಲ. ಇಮೇಲ್ ಪೆಟ್ಟಿಗೆಯಲ್ಲಿ ಸ್ವಾಗತ ಪತ್ರಗಳನ್ನೂ ರಸೀದಿಗಳನ್ನೂ ಹುಡುಕಿದರೆ ಹೆಚ್ಚಿನವು ಸಿಗುತ್ತವೆ.

ಪ್ರತಿ ಸೇವೆಯ ಎದುರು ನಾಲ್ಕು ಸಂಗತಿ ಬರೆಯಿರಿ: ಅಲ್ಲಿ ಯಾವ ಮಾಹಿತಿ ಇದೆ, ಅದು ಯಾರ ಕುರಿತದ್ದು, ಯಾರ್‍ಯಾರು ಒಳಹೋಗಬಲ್ಲರು, ಹಣ ಯಾವ ಕಾರ್ಡಿನಿಂದ ಹೋಗುತ್ತದೆ. ಆಮೇಲೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದು ಸೋರಿದರೆ ಏನಾಗುತ್ತದೆ? ಇದು ಅಳಿದುಹೋದರೆ ಏನಾಗುತ್ತದೆ? ಇವೆರಡೂ ಬೇರೆ ಬೇರೆ ಅಪಾಯಗಳು, ಮದ್ದೂ ಬೇರೆ. ಕುಟುಂಬದ ಫೋಟೊಗಳು ಅಳಿದರೆ ದುಃಖ ಹೆಚ್ಚು. ಗುರುತಿನ ಚೀಟಿಯ ಪ್ರತಿ ಸೋರಿದರೆ ಹಾನಿ ಹೆಚ್ಚು. ಎರಡರ ಉತ್ತರವನ್ನೂ ನೋಡಿ ಮಾಹಿತಿಯನ್ನು ‘ಬಹಿರಂಗ’, ‘ಒಳಗಿನದು’, ‘ಗುಟ್ಟು’ ಎಂದು ಮೂರು ಗುಂಪು ಮಾಡಿ. ಮೂರಕ್ಕಿಂತ ಹೆಚ್ಚು ಗುಂಪುಗಳಾದರೆ ಯಾರೂ ಪಾಲಿಸುವುದಿಲ್ಲ.

ನಾನು ಈ ಪಟ್ಟಿ ಮಾಡಿದಾಗ, ಯಾವುದೋ ಅರ್ಜಿಗಾಗಿ ಒಮ್ಮೆ ಕಳಿಸಿದ್ದ ಗುರುತಿನ ದಾಖಲೆಗಳ ಸ್ಕ್ಯಾನ್ ಪ್ರತಿಗಳು ವರ್ಷಗಳಿಂದ ಬಳಸದ ಒಂದು ಖಾತೆಯಲ್ಲಿ ಹಾಗೆಯೇ ಬಿದ್ದಿದ್ದವು. ಅವನ್ನು ಅಳಿಸಲು ಎರಡು ನಿಮಿಷ ಸಾಕಾಯಿತು. ಬೇಡದ ಮಾಹಿತಿಯನ್ನು ಅಳಿಸುವುದಕ್ಕಿಂತ ಗಟ್ಟಿಯಾದ ರಕ್ಷಣೆ ಇಲ್ಲ. ಇಲ್ಲದ್ದನ್ನು ಯಾರೂ ಕದಿಯಲಾರರು.

ಹಂತ 2: ಹೊಣೆಯ ಗೆರೆ ಎಲ್ಲಿದೆ ಎಂದು ಗುರುತಿಸಿ

ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ 2011ರಲ್ಲಿ ಕೊಟ್ಟ ವ್ಯಾಖ್ಯೆ ಕ್ಲೌಡ್ ಸೇವೆಗಳನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಬರೀ ಯಂತ್ರ, ಜಾಲ ಮತ್ತು ಸಂಗ್ರಹವನ್ನು ಬಾಡಿಗೆಗೆ ಪಡೆಯುವುದು ಒಂದು. ನಮ್ಮ ಕೋಡ್ ಓಡಿಸಲು ಸಿದ್ಧ ವೇದಿಕೆ ಪಡೆಯುವುದು ಇನ್ನೊಂದು. ಇಮೇಲ್‌ನಂತೆ ಪೂರ್ತಿ ಸಿದ್ಧವಾದ ತಂತ್ರಾಂಶವನ್ನೇ ಬಳಸುವುದು ಮೂರನೆಯದು. ಯಂತ್ರವನ್ನು ಬಾಡಿಗೆಗೆ ಪಡೆದರೆ ಆಪರೇಟಿಂಗ್ ಸಿಸ್ಟಂಗೆ ಕಾಲಕಾಲಕ್ಕೆ ತೇಪೆ (ದೋಷ ಸರಿಪಡಿಸುವ ಅಪ್‌ಡೇಟ್) ಹಾಕುವುದೂ ನಿಮ್ಮದೇ ಕೆಲಸ. ಸಿದ್ಧ ತಂತ್ರಾಂಶದಲ್ಲಿ ಆ ಕೆಲಸ ಸೇವಾದಾತರದ್ದು.

ಆದರೆ ಮೂರರಲ್ಲೂ ಮೂರು ಸಂಗತಿಗಳು ನಿಮ್ಮ ಪಾಲಿಗೇ ಉಳಿಯುತ್ತವೆ: ಅಲ್ಲಿ ಯಾವ ಮಾಹಿತಿ ಇಡುತ್ತೀರಿ, ಯಾರನ್ನು ಒಳಗೆ ಬಿಡುತ್ತೀರಿ, ಯಾವ ಸಾಧನದಿಂದ ಒಳಹೋಗುತ್ತೀರಿ. ಸೇವಾದಾತರು ತೋರಿಸುವ ಐಎಸ್‌ಒ 27001, 27017, 27018 ಎಂಬ ಅಂತರರಾಷ್ಟ್ರೀಯ ಮಾಹಿತಿ ರಕ್ಷಣಾ ಮಾನಕಗಳ ಪ್ರಮಾಣಪತ್ರಗಳಿಗೆ ಬೆಲೆಯಿದೆ. ಅವು ಇಲ್ಲದವರ ಬಳಿ ‘ಗುಟ್ಟು’ ಗುಂಪಿನ ಮಾಹಿತಿ ಇಡಬೇಡಿ. ಆದರೆ ಅವು ಅವರ ಪಾಲಿನ ಬಗ್ಗೆ ಮಾತ್ರ ಮಾತನಾಡುತ್ತವೆ. ನಿಮ್ಮ ದುರ್ಬಲ ಪಾಸ್‌ವರ್ಡ್‌ಗೆ ಯಾವ ಪ್ರಮಾಣಪತ್ರವೂ ರಕ್ಷಣೆಯಾಗದು.

ಹಂತ 3: ಬಾಗಿಲನ್ನು ಭದ್ರಪಡಿಸಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡಲು ಸಮಯವಿದ್ದರೆ ಇದನ್ನು ಮಾಡಿ.

2024ರಲ್ಲಿ ಸ್ನೋಫ್ಲೇಕ್ ಎಂಬ ಕ್ಲೌಡ್ ದತ್ತಾಂಶ ಸೇವೆಯನ್ನು ಬಳಸುತ್ತಿದ್ದ ಹಲವು ದೊಡ್ಡ ಸಂಸ್ಥೆಗಳ ಮಾಹಿತಿ ಕಳುವಾಯಿತು. ಅಪಾಯಕ್ಕೆ ಸಿಲುಕಿರಬಹುದಾದ ಸುಮಾರು 165 ಸಂಸ್ಥೆಗಳಿಗೆ ಎಚ್ಚರಿಕೆ ಹೋಯಿತು. ತನಿಖೆ ಮಾಡಿದ ಮ್ಯಾಂಡಿಯಂಟ್ ಎಂಬ ಭದ್ರತಾ ಸಂಸ್ಥೆ ಕಂಡುಕೊಂಡದ್ದೇನೆಂದರೆ, ಕಳ್ಳರ ಬಳಿ ಇದ್ದದ್ದು ಹಳೆಯ ಪಾಸ್‌ವರ್ಡ್‌ಗಳು. ನೌಕರರ ಮತ್ತು ಗುತ್ತಿಗೆದಾರರ ಕಂಪ್ಯೂಟರ್‌ಗಳಲ್ಲಿ ಹೊಕ್ಕಿದ್ದ ಮಾಹಿತಿಗಳ್ಳ ಕುತಂತ್ರಾಂಶಗಳು ಅವನ್ನು ಎಂದೋ ಕದ್ದಿದ್ದವು. ಕೆಲವು 2020ರಷ್ಟು ಹಳೆಯವು. ದಾಳಿಗೊಳಗಾದ ಖಾತೆಗಳಲ್ಲಿ ಎರಡನೆಯ ಹಂತದ ದೃಢೀಕರಣ, ಎಂದರೆ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಪುರಾವೆ ಕೇಳುವ ವ್ಯವಸ್ಥೆ, ಇರಲಿಲ್ಲ. ಹಾಗಾಗಿ ನಾಲ್ಕು ವರ್ಷದ ಹಿಂದಿನ ಬೀಗದ ಕೈಗೂ ಬಾಗಿಲು ತೆರೆಯಿತು.

ಮೊದಲ ಕೆಲಸ ಪಾಸ್‌ವರ್ಡ್‌ಗಳನ್ನು ಹುಟ್ಟಿಸಿ ಕಾಪಿಡುವ ಪಾಸ್‌ವರ್ಡ್ ನಿರ್ವಾಹಕ ಆ್ಯಪ್ ಒಂದನ್ನು ಬಳಸತೊಡಗುವುದು, ಪ್ರತಿ ಸೇವೆಗೂ ಬೇರೆಯದೇ ಆದ ಉದ್ದನೆಯ ಪಾಸ್‌ವರ್ಡ್ ಇಡುವುದು. ಮೂರು ತಿಂಗಳಿಗೊಮ್ಮೆ ಬದಲಿಸಬೇಕೆಂಬ ಹಳೆಯ ನಿಯಮವನ್ನು ಬಿಟ್ಟುಬಿಡಿ. ಅಮೆರಿಕದ ಅದೇ ಮಾನಕ ಸಂಸ್ಥೆ 2017ರಲ್ಲಿ ಆ ನಿಯಮವನ್ನು ಕೈಬಿಡಲು ಹೇಳಿತು. ಬಲವಂತವಾಗಿ ಬದಲಿಸಬೇಕಾದಾಗ ಜನ ಕೊನೆಯ ಅಂಕಿಯೊಂದನ್ನು ಬದಲಿಸಿ ಸುಮ್ಮನಾಗುತ್ತಾರೆ. ಸೋರಿದ ಸುಳಿವು ಸಿಕ್ಕಾಗ ಮಾತ್ರ ಬದಲಿಸಿ, ಆದರೆ ಅಂದೇ ಬದಲಿಸಿ.

ಎರಡನೆಯ ಹಂತದ ದೃಢೀಕರಣದಲ್ಲೂ ಮೇಲು ಕೀಳು ಇದೆ. ಎಸ್‌ಎಂಎಸ್‌ನಲ್ಲಿ ಬರುವ ಒಟಿಪಿ ಏನೂ ಇಲ್ಲದ್ದಕ್ಕಿಂತ ವಾಸಿ, ಆದರೆ ನಿಮ್ಮ ಸಂಖ್ಯೆಯ ಸಿಮ್ ಅನ್ನು ಇನ್ನೊಬ್ಬರು ತಮ್ಮ ಹೆಸರಿಗೆ ಮಾಡಿಸಿಕೊಂಡರೆ ಒಟಿಪಿಯೂ ಅವರಿಗೇ ಹೋಗುತ್ತದೆ. ಆ್ಯಪ್‌ನಲ್ಲಿ 30 ಸೆಕೆಂಡಿಗೊಮ್ಮೆ ಬದಲಾಗುವ ಅಂಕಿ ಅದಕ್ಕಿಂತ ಉತ್ತಮ. ಆದರೂ ನಕಲಿ ಲಾಗಿನ್ ಪುಟದಲ್ಲಿ ನೀವು ಆ ಅಂಕಿಯನ್ನು ಬರೆದರೆ, ಪುಟದ ಹಿಂದಿರುವವರು ಅದನ್ನು ಆ ಕ್ಷಣದಲ್ಲೇ ಅಸಲಿ ಪುಟಕ್ಕೆ ದಾಟಿಸಿ ಒಳಹೋಗಬಲ್ಲರು. ಪಾಸ್‌ಕೀ (ಪಾಸ್‌ವರ್ಡ್ ಬದಲಿಗೆ ಬಳಸುವ ಡಿಜಿಟಲ್ ಕೀಲಿ) ಮತ್ತು ಯುಎಸ್‌ಬಿ ಭದ್ರತಾ ಕೀಲಿಗಳು ಈ ಮೋಸಕ್ಕೆ ಬಗ್ಗುವುದಿಲ್ಲ. ಅವು ಜಾಲತಾಣದ ವಿಳಾಸಕ್ಕೆ ಕಟ್ಟುಬಿದ್ದಿರುತ್ತವೆ. ವಿಳಾಸದಲ್ಲಿ ಒಂದಕ್ಷರ ಬೇರೆಯಾದರೂ ಉತ್ತರಿಸುವುದಿಲ್ಲ. ಕಣ್ಣು ಮೋಸಹೋಗಬಹುದು, ಆ ಕೀಲಿ ಮೋಸಹೋಗುವುದಿಲ್ಲ. ಮುಖ್ಯ ಇಮೇಲ್ ಮತ್ತು ಸಂಸ್ಥೆಯ ಆಡಳಿತ ಖಾತೆ, ಈ ಎರಡಕ್ಕಾದರೂ ಪಾಸ್‌ಕೀ ಅಥವಾ ಭದ್ರತಾ ಕೀಲಿಯನ್ನೇ ಹಾಕಿ. ಇಮೇಲ್ ಏಕೆಂದರೆ, ಉಳಿದ ಎಲ್ಲ ಸೇವೆಗಳ ‘ಪಾಸ್‌ವರ್ಡ್ ಮರೆತಿರಾ’ ಎಂಬ ದಾರಿ ಬಂದು ಸೇರುವುದು ಅಲ್ಲಿಗೇ. ಭದ್ರತಾ ಕೀಲಿ ಕೊಳ್ಳುವುದಾದರೆ ಎರಡು ಕೊಳ್ಳಿ, ಎರಡನ್ನೂ ನೋಂದಾಯಿಸಿ, ಒಂದನ್ನು ಬೇರೆ ಜಾಗದಲ್ಲಿಡಿ.

ಹೆಬ್ಬಾಗಿಲಿಗೆ ಇಷ್ಟು ಬೀಗ ಹಾಕಿ ಹಿತ್ತಲ ಬಾಗಿಲನ್ನು ತೆರೆದಿಡುವವರೇ ಹೆಚ್ಚು. ಹಿತ್ತಲ ಬಾಗಿಲೆಂದರೆ ಖಾತೆ ಮರಳಿ ಪಡೆಯುವ ದಾರಿಗಳು: ಹಳೆಯ ಫೋನ್ ಸಂಖ್ಯೆ, ಕಾಲೇಜಿನ ಕಾಲದ ಇಮೇಲ್, ‘ನಿಮ್ಮ ಮೊದಲ ಶಾಲೆ ಯಾವುದು’ ಎಂಬ ಪ್ರಶ್ನೆ. ಈಗ ನಿಮ್ಮದಲ್ಲದ ಸಂಖ್ಯೆ ಮತ್ತು ವಿಳಾಸಗಳನ್ನು ತೆಗೆದುಹಾಕಿ. ಪ್ರಶ್ನೆಗೆ ನಿಜವಾದ ಉತ್ತರ ಕೊಡಬೇಡಿ; ಪಾಸ್‌ವರ್ಡ್ ನಿರ್ವಾಹಕದಲ್ಲಿ ಹುಟ್ಟಿಸಿದ ಅರ್ಥವಿಲ್ಲದ ಅಕ್ಷರಸಾಲನ್ನು ಉತ್ತರವಾಗಿ ಬರೆದು ಅಲ್ಲೇ ಉಳಿಸಿಕೊಳ್ಳಿ. ಫೋನ್ ಅಥವಾ ಕೀಲಿ ಕಳೆದಾಗ ಒಳಹೋಗಲು ಸೇವೆ ಕೊಡುವ ತುರ್ತು ಸಂಕೇತಗಳನ್ನು ಕಾಗದದ ಮೇಲೆ ಮುದ್ರಿಸಿ ಬೀಗ ಹಾಕಿದ ಕಪಾಟಿನಲ್ಲಿಡಿ.

ಲಾಗಿನ್ ಆದ ಮೇಲೆ ಬ್ರೌಸರ್‌ನಲ್ಲಿ ಉಳಿಯುವ ಸೆಷನ್ ಗುರುತನ್ನು ಕುತಂತ್ರಾಂಶ ಕದ್ದೊಯ್ದರೆ ಪಾಸ್‌ವರ್ಡಾಗಲಿ ಒಟಿಪಿಯಾಗಲಿ ಬೇಕಾಗುವುದೇ ಇಲ್ಲ. ಆದ್ದರಿಂದ ಖಾತೆಯ ಭದ್ರತಾ ಪುಟದಲ್ಲಿ ‘ಲಾಗಿನ್ ಆಗಿರುವ ಸಾಧನಗಳು’ ಪಟ್ಟಿಯನ್ನು ನೋಡಿ, ಗುರುತು ಸಿಗದವನ್ನು ಹೊರಹಾಕಿ. ಅದರ ಹತ್ತಿರವೇ ‘ಪ್ರವೇಶ ಪಡೆದಿರುವ ಆ್ಯಪ್‌ಗಳು’ ಎಂಬ ಪಟ್ಟಿಯೂ ಇರುತ್ತದೆ. ಎಂದೋ ಒಮ್ಮೆ ‘ಅನುಮತಿಸಿ’ ಒತ್ತಿದ ಆ್ಯಪ್ ಇಂದಿಗೂ ನಿಮ್ಮ ಇಡೀ ಇಮೇಲ್ ಓದುತ್ತಿರಬಹುದು. ಬಳಸದ ಆ್ಯಪ್‌ಗಳ ಅನುಮತಿ ರದ್ದುಮಾಡಿ.

ಹಂತ 4: ಯಾರಿಗೆ ಎಷ್ಟು ಬೇಕೋ ಅಷ್ಟೇ ಅನುಮತಿ

ಸಂಸ್ಥೆಯಲ್ಲಿ ಎಲ್ಲರೂ ಒಂದೇ ಲಾಗಿನ್ ಹಂಚಿಕೊಳ್ಳುವುದನ್ನು ಇಂದೇ ನಿಲ್ಲಿಸಿ. ಯಾರು ಏನು ಮಾಡಿದರೆಂದು ತಿಳಿಯುವುದಿಲ್ಲ; ಒಬ್ಬರು ಕೆಲಸ ಬಿಟ್ಟಾಗ ಎಲ್ಲರ ಬೀಗವನ್ನೂ ಬದಲಿಸಬೇಕಾಗುತ್ತದೆ. ಆಡಳಿತ ಖಾತೆಯನ್ನು ದಿನನಿತ್ಯದ ಕೆಲಸಕ್ಕೆ ಬಳಸಬೇಡಿ. ಓದಲು ಮಾತ್ರ ಬೇಕಾದವರಿಗೆ ತಿದ್ದುವ ಅನುಮತಿ ಬೇಡ, ತಿದ್ದುವವರಿಗೆ ಅಳಿಸುವ ಅನುಮತಿ ಬೇಡ.

ಮನುಷ್ಯರಷ್ಟೇ ಅಲ್ಲ, ತಂತ್ರಾಂಶಗಳೂ ಕೀಲಿ (ಪಾಸ್‌ವರ್ಡಿನಂತಹ ಗುಪ್ತ ಅಕ್ಷರಸಾಲು) ಬಳಸಿ ಕ್ಲೌಡ್‌ನೊಳಗೆ ಹೋಗುತ್ತವೆ. ಊಬರ್‌ನ ಎಂಜಿನಿಯರ್‌ಗಳು ಅಂತಹ ಕೀಲಿಯನ್ನು ಗಿಟ್‌ಹಬ್‌ನ ಖಾಸಗಿ ಕೋಡ್ ಸಂಗ್ರಹದಲ್ಲಿ ಬಿಟ್ಟಿದ್ದರು. 2016ರಲ್ಲಿ ಅದು ಬೇರೆಯವರ ಕೈಸೇರಿ 5.7 ಕೋಟಿ ಜನರ ವಿವರ ಹೋಯಿತು. ಕಂಪನಿ ಅದನ್ನು ಹೊರಜಗತ್ತಿಗೆ ಹೇಳಿದ್ದು 2017ರ ನವೆಂಬರ್‌ನಲ್ಲಿ. ನೀವು ಕೋಡ್ ಬರೆಯುವವರಾದರೆ ಕೀಲಿಯನ್ನು ಕೋಡ್‌ನೊಳಗೆ ಬರೆಯಬೇಡಿ; ಸೇವಾದಾತರು ಕೀಲಿಗಳಿಗೆಂದೇ ಕೊಡುವ ಗುಪ್ತ ಸಂಗ್ರಹದಲ್ಲಿಡಿ ಅಥವಾ ತಾನಾಗಿ ಅವಧಿ ಮುಗಿಯುವ ತಾತ್ಕಾಲಿಕ ಕೀಲಿ ಬಳಸಿ. ಒಮ್ಮೆ ಕೋಡ್‌ನಲ್ಲಿ ಸೇರಿಹೋದ ಕೀಲಿಯನ್ನು ಅಳಿಸಿದರೆ ಸಾಲದು, ಹಳೆಯ ಆವೃತ್ತಿಗಳಲ್ಲಿ ಅದು ಉಳಿದಿರುತ್ತದೆ. ಆ ಕೀಲಿಯನ್ನೇ ರದ್ದುಮಾಡಿ ಹೊಸದನ್ನು ಪಡೆಯಬೇಕು.

ಅನುಮತಿ ಅತಿಯಾದರೆ ಏನಾಗುತ್ತದೆ ಎಂಬುದಕ್ಕೆ ಕ್ಯಾಪಿಟಲ್ ಒನ್ ಬ್ಯಾಂಕಿನ 2019ರ ಪ್ರಕರಣವಿದೆ. ತಪ್ಪಾಗಿ ಹೊಂದಿಸಿದ್ದ ಒಂದು ಫೈರ್‌ವಾಲ್ (ಹೊರಗಿನಿಂದ ಬರುವುದನ್ನು ಸೋಸುವ ಕಾವಲು ತಂತ್ರಾಂಶ) ಅನ್ನು ಮೋಸಗೊಳಿಸಿ, ಕ್ಲೌಡ್‌ನ ಒಳಗಿನ 169.254.169.254 ಎಂಬ ವಿಳಾಸದಿಂದ ತಾತ್ಕಾಲಿಕ ಕೀಲಿಗಳನ್ನು ಹೊರತೆಗೆಯಲಾಯಿತು. ಆ ಫೈರ್‌ವಾಲ್‌ಗೆ ಸಂಗ್ರಹದಲ್ಲಿದ್ದ ಗ್ರಾಹಕರ ಕಡತಗಳನ್ನು ಓದುವ ಅಗತ್ಯವೇ ಇರಲಿಲ್ಲ, ಆದರೆ ಅನುಮತಿ ಇತ್ತು. ಅಮೆರಿಕದ ಸುಮಾರು 10 ಕೋಟಿ, ಕೆನಡಾದ ಸುಮಾರು 60 ಲಕ್ಷ ಜನರ ಮಾಹಿತಿ ಹೋಯಿತು. 2020ರಲ್ಲಿ ನಿಯಂತ್ರಕರು 8 ಕೋಟಿ ಡಾಲರ್ ದಂಡ ಹಾಕಿದರು. ಅಮೆಜಾನ್ 2019ರ ನವೆಂಬರ್‌ನಲ್ಲೇ ಆ ಒಳವಿಳಾಸಕ್ಕೆ ಹೆಚ್ಚು ಬಿಗಿಯಾದ ಎರಡನೆಯ ಆವೃತ್ತಿ ತಂದಿದೆ. ಅಲ್ಲಿ ಸರ್ವರ್ ಓಡಿಸುತ್ತಿದ್ದರೆ ಅದನ್ನು ಕಡ್ಡಾಯ ಮಾಡಿಕೊಳ್ಳಿ.

ಹಂತ 5: ಹಂಚಿದ ಲಿಂಕ್‌ಗಳನ್ನು ಹುಡುಕಿ ಮುಚ್ಚಿ

‘ಲಿಂಕ್ ಇರುವ ಯಾರಾದರೂ ನೋಡಬಹುದು’ ಎಂಬ ಆಯ್ಕೆ ಅನುಕೂಲಕರ. ಅದೇ ಅದರ ಅಪಾಯ. ಲಿಂಕ್ ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತದೆ, ನಾವು ಮರೆಯುತ್ತೇವೆ, ಅದು ಮಾತ್ರ ತೆರೆದೇ ಇರುತ್ತದೆ. 2023ರಲ್ಲಿ ವಿಜ್ ಎಂಬ ಭದ್ರತಾ ಸಂಸ್ಥೆ ಮೈಕ್ರೋಸಾಫ್ಟ್‌ನ ಸಂಶೋಧಕರು ಹಂಚಿದ್ದ ಇಂತಹ ಒಂದು ಲಿಂಕ್ ಬಗ್ಗೆ ಬರೆಯಿತು. ಕೆಲವು ಕಡತಗಳಿಗಾಗಿ ಕೊಟ್ಟಿದ್ದ ಆ ಲಿಂಕ್ ಇಡೀ ಸಂಗ್ರಹವನ್ನೇ ತೆರೆದಿಟ್ಟಿತ್ತು: 38 ಟೆರಾಬೈಟ್, ಇಬ್ಬರು ನೌಕರರ ಕಂಪ್ಯೂಟರ್‌ಗಳ ಬ್ಯಾಕಪ್ ಸಮೇತ. ಲಿಂಕ್‌ನ ಅವಧಿ ಮುಗಿಯಬೇಕಿದ್ದದ್ದು 2051ರಲ್ಲಿ. ಕ್ಲೌಡ್ ಕಟ್ಟುವವರಿಗೇ ಈ ತಪ್ಪು ತಪ್ಪಲಿಲ್ಲ ಎಂದ ಮೇಲೆ ನಾವು ಎಷ್ಟು ಎಚ್ಚರ ವಹಿಸಬೇಕು!

ಹಂಚುವಾಗ ಹೆಸರಿಟ್ಟ ವ್ಯಕ್ತಿಗಳಿಗೇ ಹಂಚಿ, ಅವಧಿ ನಿಗದಿಮಾಡಿ, ಇಡೀ ಫೋಲ್ಡರ್ ಬದಲು ಒಂದು ಕಡತ ಕೊಡಿ. ಹಳೆಯ ಲಿಂಕ್‌ಗಳನ್ನು ಪರೀಕ್ಷಿಸಲು ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ, ಲಾಗಿನ್ ಆಗದೆ, ಅವನ್ನು ತೆರೆದು ನೋಡಿ. ತೆರೆದುಕೊಂಡರೆ ಅದು ಜಗತ್ತಿಗೆಲ್ಲ ತೆರೆದಿದೆ ಎಂದೇ ಅರ್ಥ. ಅಮೆಜಾನ್‌ನ ಸಂಗ್ರಹ ಬಳಸುವವರು ಸಾರ್ವಜನಿಕ ಪ್ರವೇಶ ತಡೆಯುವ ಆಯ್ಕೆಯನ್ನು ಇಡೀ ಖಾತೆಗೆ ಅನ್ವಯಿಸಿ. 2023ರ ಏಪ್ರಿಲ್‌ನಿಂದ ಹೊಸ ಬಕೆಟ್‌ಗಳಿಗೆ (ಅಲ್ಲಿನ ಸಂಗ್ರಹ ಪೆಟ್ಟಿಗೆಗಳಿಗೆ) ಅದು ತಾನಾಗಿಯೇ ಬರುತ್ತದೆ, ಹಳೆಯವನ್ನು ನೀವೇ ನೋಡಬೇಕು.

ಹಂತ 6: ಎನ್‌ಕ್ರಿಪ್ಷನ್‌ನ ಕೀಲಿ ಯಾರ ಕೈಯಲ್ಲಿದೆ ಎಂದು ಕೇಳಿ

‘ನಿಮ್ಮ ಮಾಹಿತಿ ಎನ್‌ಕ್ರಿಪ್ಟ್ ಆಗಿದೆ’ ಎಂದು ಬಹುತೇಕ ಎಲ್ಲ ಸೇವಾದಾತರೂ ಹೇಳುತ್ತಾರೆ. ಅದು ಸುಳ್ಳಲ್ಲ. ನಿಮ್ಮ ಸಾಧನದಿಂದ ಅವರ ಸರ್ವರ್‌ಗೆ ಹೋಗುವ ದಾರಿಯಲ್ಲಿ ಮಾಹಿತಿ ಗೂಢಲಿಪಿಯಲ್ಲಿರುತ್ತದೆ. ಅವರ ಡಿಸ್ಕ್ ಮೇಲೂ ಗೂಢಲಿಪಿಯಲ್ಲೇ ಇರುತ್ತದೆ. ಆದರೆ ಎರಡೂ ಕಡೆ ಕೀಲಿ ಅವರದ್ದು. ಯಾರಾದರೂ ದತ್ತಾಂಶ ಕೇಂದ್ರದಿಂದ ಡಿಸ್ಕನ್ನೇ ಹೊತ್ತೊಯ್ದರೆ ಈ ಎನ್‌ಕ್ರಿಪ್ಷನ್ ನಿಮ್ಮನ್ನು ಕಾಪಾಡುತ್ತದೆ. ನಿಮ್ಮ ಪಾಸ್‌ವರ್ಡ್ ಕದ್ದು ಲಾಗಿನ್ ಆದವರಿಗೆ ಮಾತ್ರ ಸರ್ವರ್ ತಾನೇ ಬಿಡಿಸಿ ಕೊಡುತ್ತದೆ. ಸೇವಾದಾತರ ಸಿಬ್ಬಂದಿಯೊಬ್ಬರು ದಾರಿತಪ್ಪಿ ಬೇಲಿಯೇ ಎದ್ದು ಹೊಲ ಮೇಯ್ದಂತಾದರೆ, ಅಥವಾ ಸರ್ಕಾರವೊಂದು ಆದೇಶ ಕೊಟ್ಟು ಕೇಳಿದರೆ, ಆಗಲೂ ಇದರಿಂದ ಉಪಯೋಗವಿಲ್ಲ.

ಆ ಸಂದರ್ಭಗಳಲ್ಲಿ ಕೆಲಸಕ್ಕೆ ಬರುವುದು ತುದಿಯಿಂದ ತುದಿಗೆ ಎನ್‌ಕ್ರಿಪ್ಷನ್. ಇದರಲ್ಲಿ ಕೀಲಿ ನಿಮ್ಮ ಸಾಧನದಲ್ಲೇ ಉಳಿಯುತ್ತದೆ, ಕ್ಲೌಡ್ ಸೇರುವುದು ಅರ್ಥವಾಗದ ಅಕ್ಷರರಾಶಿ ಮಾತ್ರ. ಕೆಲವು ಸೇವೆಗಳಲ್ಲಿ ಇದು ಇದೆ, ಆದರೆ ನಾವೇ ಚಾಲೂ ಮಾಡಬೇಕು. ವಾಟ್ಸ್‌ಆ್ಯಪ್‌ನಲ್ಲಿ ಸಂದೇಶಗಳು ಹೀಗೆ ರಕ್ಷಿತವಾಗಿದ್ದರೂ ಕ್ಲೌಡ್‌ಗೆ ಹೋಗುವ ಬ್ಯಾಕಪ್‌ಗೆ ಆ ರಕ್ಷಣೆಯ ಆಯ್ಕೆ ಬಂದದ್ದು 2021ರಲ್ಲಿ. ಸೆಟ್ಟಿಂಗ್ಸ್‌ನಲ್ಲಿ ಚಾಟ್ ಬ್ಯಾಕಪ್ ಪುಟ ತೆರೆದು ನೋಡಿ. ಆ್ಯಪಲ್ 2022ರ ಡಿಸೆಂಬರ್‌ನಲ್ಲಿ ಐಕ್ಲೌಡ್‌ನ ಬ್ಯಾಕಪ್, ಫೋಟೊ, ಟಿಪ್ಪಣಿಗಳಿಗೂ ಇದನ್ನು ವಿಸ್ತರಿಸುವ ಸೌಲಭ್ಯ ತಂದಿತು. 2025ರ ಫೆಬ್ರುವರಿಯಲ್ಲಿ ಬ್ರಿಟನ್‌ನ ಹೊಸ ಬಳಕೆದಾರರಿಗೆ ಅದನ್ನು ಕೊಡುವುದನ್ನು ನಿಲ್ಲಿಸಿತು. ಒಂದು ಸೌಲಭ್ಯ ಇಂದು ಇದೆ ಎಂದರೆ ನಾಳೆಯೂ ಇರುತ್ತದೆ ಎಂದು ನಂಬಿ ಕೂರಬಾರದು ಎಂಬುದಕ್ಕಾಗಿ ಇದನ್ನು ಹೇಳಿದೆ.

ಸೇವಾದಾತರನ್ನು ಅವಲಂಬಿಸದ ದಾರಿಯೂ ಇದೆ, ನನಗೆ ಹೆಚ್ಚು ಮೆಚ್ಚುಗೆಯಾದದ್ದು ಅದೇ. ಕಳಿಸುವ ಮೊದಲೇ ನೀವೇ ಎನ್‌ಕ್ರಿಪ್ಟ್ ಮಾಡುವುದು. ಕ್ರಿಪ್ಟೊಮೇಟರ್ ಎಂಬ ಮುಕ್ತ ತಂತ್ರಾಂಶ ಇದನ್ನು ಸಲೀಸು ಮಾಡಿದೆ. ಅದನ್ನು ಸ್ಥಾಪಿಸಿ, ನಿಮ್ಮ ಕ್ಲೌಡ್ ಫೋಲ್ಡರ್‌ನೊಳಗೆ ಹೊಸ ‘ತಿಜೋರಿ’ ಒಂದನ್ನು ಸೃಷ್ಟಿಸಿ, ಉದ್ದನೆಯ ಗುಪ್ತಪದ ಕೊಡಿ, ಅದು ತೋರಿಸುವ ಮರುಪಡೆಯುವ ಪದಮಾಲೆಯನ್ನು ಕಾಗದದ ಮೇಲೆ ಬರೆದು ಕಪಾಟಿನಲ್ಲಿಡಿ, ತಿಜೋರಿ ತೆರೆದಾಗ ಕಾಣುವ ಡ್ರೈವ್‌ಗೆ ‘ಗುಟ್ಟು’ ಗುಂಪಿನ ಕಡತಗಳನ್ನು ಸರಿಸಿ. ಕಡತದ ಹೆಸರೂ ಗೂಢವಾಗುತ್ತದೆ. ಕಡತಗಳ ಸಂಖ್ಯೆ, ಹೆಚ್ಚುಕಡಿಮೆ ಗಾತ್ರ, ತಿದ್ದಿದ ದಿನಾಂಕ ಮಾತ್ರ ಕಾಣುತ್ತವೆ. ಸರಿಸಿದ ಬಳಿಕ ಮೂಲ ಕಡತಗಳನ್ನು ಕ್ಲೌಡ್‌ನಿಂದಲೂ ಅದರ ಕಸದಬುಟ್ಟಿಯಿಂದಲೂ ಅಳಿಸಲು ಮರೆಯಬೇಡಿ; ಇಲ್ಲದಿದ್ದರೆ ತಿಜೋರಿಯ ಪಕ್ಕದಲ್ಲೇ ಚಿನ್ನ ಬಿದ್ದಿರುತ್ತದೆ.

ಎಲ್ಲವನ್ನೂ ಹೀಗೆ ಮಾಡಿ ಎಂದು ನಾನು ಹೇಳುವುದಿಲ್ಲ. ಕೀಲಿ ಕಳೆದರೆ ಮಾಹಿತಿ ಶಾಶ್ವತವಾಗಿ ಹೋಯಿತು. ಯಾವ ಸಹಾಯವಾಣಿಯೂ ಮರಳಿ ಕೊಡಲಾರದು. ಜಾಲತಾಣದಲ್ಲೇ ಹುಡುಕುವುದು, ಜೊತೆಯಾಗಿ ತಿದ್ದುವುದು ಸಾಧ್ಯವಾಗುವುದಿಲ್ಲ. ‘ಗುಟ್ಟು’ ಗುಂಪಿಗೆ ಮಾತ್ರ ಮಾಡಿ, ನೀವಿಲ್ಲದಾಗ ಆ ಮಾಹಿತಿ ಬೇಕಾಗುವ ಒಬ್ಬ ನಂಬಿಕಸ್ಥರಿಗೆ ಪದಮಾಲೆ ಎಲ್ಲಿದೆ ಎಂದು ಹೇಳಿಡಿ.

ಹಂತ 7: ಬೇರೊಂದು ಬೀಗದ ಹಿಂದೆ ಬ್ಯಾಕಪ್

ಕ್ಲೌಡ್‌ನಲ್ಲಿದೆ ಎಂದರೆ ಬ್ಯಾಕಪ್ ಆಗಿದೆ ಎಂದು ಹಲವರು ತಿಳಿದಿದ್ದಾರೆ. ನಿಮ್ಮ ಕಂಪ್ಯೂಟರ್ ಮತ್ತು ಕ್ಲೌಡ್ ಒಂದನ್ನೊಂದು ಅನುಸರಿಸುವಂತೆ ಇಟ್ಟಿದ್ದರೆ, ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ಸುಲಿಗೆ ತಂತ್ರಾಂಶ ಇಲ್ಲಿನ ಕಡತಗಳನ್ನು ಕೆಡಿಸಿದರೆ ಕೆಟ್ಟ ಪ್ರತಿಗಳೇ ಅಲ್ಲಿಗೂ ಹೋಗುತ್ತವೆ.

2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದು ಐದು ಅಂತಸ್ತಿನ ಒಂದು ಕಟ್ಟಡ ಪೂರ್ತಿ ಸುಟ್ಟಿತು. ಬ್ಯಾಕಪ್ಪನ್ನೂ ಅದೇ ಕಟ್ಟಡದಲ್ಲಿ ಇಟ್ಟಿದ್ದ ಗ್ರಾಹಕರಿಗೆ ಏನೂ ಉಳಿಯಲಿಲ್ಲ. ಆಸ್ಟ್ರೇಲಿಯದ ಯೂನಿಸೂಪರ್ ಎಂಬ ಪಿಂಚಣಿ ನಿಧಿಗೆ 2024ರ ಮೇ ತಿಂಗಳಲ್ಲಿ ಆದದ್ದು ಇನ್ನೂ ವಿಚಿತ್ರ. ಗೂಗಲ್ ಕ್ಲೌಡ್‌ನಲ್ಲಿ ಅದರ ವ್ಯವಸ್ಥೆಯನ್ನು ಸ್ಥಾಪಿಸುವಾಗ ಆದ ತಪ್ಪು ಹೊಂದಾಣಿಕೆಯಿಂದ, ಎರಡು ವಲಯಗಳಲ್ಲಿ ಹಂಚಿಟ್ಟಿದ್ದ ಅದರ ಖಾಸಗಿ ಕ್ಲೌಡ್ ಎರಡೂ ಕಡೆ ಅಳಿದುಹೋಯಿತು. ದಾಳಿಕೋರರು ಯಾರೂ ಇರಲಿಲ್ಲ. ಐದು ಲಕ್ಷಕ್ಕೂ ಹೆಚ್ಚು ಸದಸ್ಯರು ದಿನಗಟ್ಟಲೆ ತಮ್ಮ ಖಾತೆ ನೋಡಲಾಗದೆ ಉಳಿದರು. ಬೇರೊಬ್ಬ ಸೇವಾದಾತರ ಬಳಿ ಇರಿಸಿದ್ದ ಬ್ಯಾಕಪ್ ಅವರ ಕೈಹಿಡಿಯಿತು.

ಹಾಗಾಗಿ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಅದರಲ್ಲಿ ಒಂದು ಬೇರೆ ಜಾಗದಲ್ಲಿ ಎಂಬ ಹಳೆಯ ಸೂತ್ರಕ್ಕೆ ನಾನು ಇನ್ನೊಂದು ಸೇರಿಸುತ್ತೇನೆ: ಒಂದಾದರೂ ಪ್ರತಿ ಬೇರೆ ಲಾಗಿನ್‌ನ ಹಿಂದೆ ಇರಬೇಕು. ಬೇರೆ ಸೇವಾದಾತರು, ಬೇರೆ ಇಮೇಲ್, ಬೇರೆ ಪಾಸ್‌ವರ್ಡ್. ಒಬ್ಬ ವ್ಯಕ್ತಿಗೆ ತಿಂಗಳಿಗೊಮ್ಮೆ ಜೋಡಿಸಿ ಉಳಿದಂತೆ ಕಪಾಟಿನಲ್ಲಿಡುವ ಹಾರ್ಡ್ ಡಿಸ್ಕ್ ಸಾಕು. ಸಂಸ್ಥೆಯಾದರೆ ಆವೃತ್ತಿಗಳನ್ನು ಉಳಿಸುವ ಸೌಲಭ್ಯವನ್ನೂ, ನಿಗದಿತ ದಿನಗಳವರೆಗೆ ಆಡಳಿತ ಖಾತೆಯಿಂದಲೂ ಅಳಿಸಲಾಗದಂತೆ ಬೀಗ ಹಾಕುವ ಸೌಲಭ್ಯವನ್ನೂ ಚಾಲೂ ಮಾಡಿ.

ಬ್ಯಾಕಪ್ ಇದೆ ಎಂದು ಹೇಳುವ ಹಕ್ಕು ಬರುವುದು ಅದರಿಂದ ಒಮ್ಮೆ ಮಾಹಿತಿ ಮರಳಿ ತಂದ ಮೇಲೆ. ಮೂರು ತಿಂಗಳಿಗೊಮ್ಮೆ ಮನಸ್ಸಿಗೆ ತೋಚಿದ ಹತ್ತು ಕಡತಗಳನ್ನು ಬೇರೊಂದು ಕಂಪ್ಯೂಟರ್‌ಗೆ ಇಳಿಸಿ, ತೆರೆದು ನೋಡಿ, ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡಿ. ಎನ್‌ಕ್ರಿಪ್ಟ್ ಮಾಡಿದ ತಿಜೋರಿ ಇದ್ದರೆ, ಕಾಗದದ ಮೇಲಿನ ಪದಮಾಲೆಯಿಂದಲೇ ಅದನ್ನು ತೆರೆದು ನೋಡಿ.

ಹಂತ 8: ದಾಖಲೆ ಮತ್ತು ಎಚ್ಚರಿಕೆ ಗಂಟೆ

2023ರಲ್ಲಿ ಸ್ಟಾರ್ಮ್-0558 ಎಂದು ಹೆಸರಿಸಲಾದ ತಂಡವೊಂದು ಲಾಗಿನ್ ಅಸಲಿ ಎಂದು ದೃಢಪಡಿಸುವ ಮೈಕ್ರೋಸಾಫ್ಟ್‌ನ ಸಹಿ ಕೀಲಿಯೊಂದನ್ನು ಪಡೆದು, ಹಲವು ಸಂಸ್ಥೆಗಳ ಇಮೇಲ್ ಓದಿತು. ಇದು ಸೇವಾದಾತರ ಪಾಲಿನ ಲೋಪ. ಗ್ರಾಹಕರು ಎಷ್ಟು ಗಟ್ಟಿ ಪಾಸ್‌ವರ್ಡ್ ಇಟ್ಟಿದ್ದರೂ ತಡೆಯಲಾಗುತ್ತಿರಲಿಲ್ಲ. ಆದರೂ ಅದನ್ನು ಪತ್ತೆಹಚ್ಚಿದ್ದು ಗ್ರಾಹಕರೇ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಇಮೇಲ್ ಪ್ರವೇಶದ ದಾಖಲೆಗಳಲ್ಲಿ ಅಸಹಜವಾದದ್ದನ್ನು ಕಂಡಿತು. ಆ ದಾಖಲೆಗಳು ಆಗ ಹೆಚ್ಚು ಹಣ ತೆತ್ತವರಿಗಷ್ಟೇ ಸಿಗುತ್ತಿದ್ದವು. ಟೀಕೆ ಬಂದ ಮೇಲೆ ಕಂಪನಿ ಅವನ್ನು ಇನ್ನಷ್ಟು ಗ್ರಾಹಕರಿಗೆ ತೆರೆಯಿತು.

ನಿಮ್ಮ ಸೇವೆಯಲ್ಲಿ ಯಾವ ದಾಖಲೆ ಎಷ್ಟು ದಿನ ಉಳಿಯುತ್ತದೆ ಎಂದು ನೋಡಿ. ಅಮೆಜಾನ್‌ನಲ್ಲಿ ದಾಖಲೆ ಇಡುವ ಕ್ಲೌಡ್‌ಟ್ರೇಲ್ ಸೇವೆ ತಾನಾಗಿ ತೋರಿಸುವುದು ಕೊನೆಯ 90 ದಿನಗಳ ನಿರ್ವಹಣಾ ಘಟನೆಗಳನ್ನು ಮಾತ್ರ. ಹೆಚ್ಚು ದಿನ ಬೇಕಿದ್ದರೆ ನೀವೇ ಬೇರೆ ಖಾತೆಗೆ ಉಳಿಸಿಕೊಳ್ಳಬೇಕು. ಹೊಸ ಸಾಧನದ ಲಾಗಿನ್, ಹೊಸ ಆಡಳಿತಗಾರರ ಸೇರ್ಪಡೆ, ಎರಡನೆಯ ಹಂತದ ದೃಢೀಕರಣ ತೆಗೆದದ್ದು, ರಾಶಿಗಟ್ಟಲೆ ಇಳಿಸಿಕೊಂಡದ್ದು, ಬಿಲ್ ಮೊತ್ತ ಏಕಾಏಕಿ ಏರಿದ್ದು, ಈ ಐದಕ್ಕೆ ಎಚ್ಚರಿಕೆ ಬರುವಂತೆ ಮಾಡಿದರೆ ಸಣ್ಣ ಸಂಸ್ಥೆಗೆ ಸಾಕು. ನೂರು ಎಚ್ಚರಿಕೆ ಇಟ್ಟರೆ ಒಂದನ್ನೂ ಓದುವುದಿಲ್ಲ.

ಹಂತ 9: ಕರಾರು, ಕಾನೂನು, ಬಿಟ್ಟುಬರುವ ದಾರಿ

ಖಾಸಗಿತನಕ್ಕೆ ಧಕ್ಕೆ ತರುವುದು ಕಳ್ಳರು ಮಾತ್ರವಲ್ಲ. ನಾವೇ ಓದದೆ ಒಪ್ಪಿದ ಕರಾರೂ ತರಬಲ್ಲದು. ಇಡೀ ಕರಾರು ಓದಲಾಗದಿದ್ದರೆ ಇಷ್ಟನ್ನಾದರೂ ಹುಡುಕಿ: ನಿಮ್ಮ ಮಾಹಿತಿಯನ್ನು ಜಾಹೀರಾತಿಗೆ ಅಥವಾ ಕೃತಕ ಬುದ್ಧಿಮತ್ತೆಯ ತರಬೇತಿಗೆ ಬಳಸುತ್ತಾರೆಯೇ, ಯಾವ ಉಪಗುತ್ತಿಗೆದಾರರಿಗೆ ಕೊಡುತ್ತಾರೆ, ಅಳಿಸಿದ ಮೇಲೆ ಎಷ್ಟು ದಿನ ಅವರ ಬ್ಯಾಕಪ್‌ನಲ್ಲಿ ಉಳಿಯುತ್ತದೆ, ಸೋರಿಕೆಯಾದರೆ ಎಷ್ಟು ಬೇಗ ತಿಳಿಸುತ್ತಾರೆ.

ಮಾಹಿತಿ ಯಾವ ದೇಶದ ಸರ್ವರ್‌ನಲ್ಲಿದೆ ಎಂಬುದು ಅರ್ಧ ಉತ್ತರ ಮಾತ್ರ. ಅಮೆರಿಕದ 2018ರ ಕ್ಲೌಡ್ ಕಾಯ್ದೆಯ ಪ್ರಕಾರ, ಆ ದೇಶದ ಕಾನೂನಿಗೆ ಒಳಪಟ್ಟ ಕಂಪನಿಗಳು ನ್ಯಾಯಬದ್ಧ ಆದೇಶ ಬಂದಾಗ ತಮ್ಮ ಹಿಡಿತದಲ್ಲಿರುವ ಮಾಹಿತಿಯನ್ನು, ಅದು ಬೇರೆ ದೇಶದಲ್ಲಿದ್ದರೂ, ಕೊಡಬೇಕಾಗುತ್ತದೆ. ಯುರೋಪ್ ಒಕ್ಕೂಟದ ಜಿಡಿಪಿಆರ್ ಎಂಬ ಮಾಹಿತಿ ರಕ್ಷಣಾ ಕಾನೂನು 2018ರ ಮೇ ತಿಂಗಳಿಂದ ಜಾರಿಯಲ್ಲಿದ್ದು, ಜನರ ಹಕ್ಕಿಗೆ ಅಪಾಯ ತರಬಹುದಾದ ಸೋರಿಕೆಯನ್ನು ತಿಳಿದ 72 ಗಂಟೆಯೊಳಗೆ ನಿಯಂತ್ರಕರಿಗೆ ತಿಳಿಸಬೇಕೆನ್ನುತ್ತದೆ. ನಿಮ್ಮ ಬಳಿ ಬೇರೆಯವರ ಮಾಹಿತಿ ಇದ್ದರೆ ಅವರು ಇರುವಲ್ಲಿನ ಕಾನೂನು ನಿಮಗೂ ಅನ್ವಯಿಸಬಹುದು.

ವರ್ಷಕ್ಕೊಮ್ಮೆ ಎಲ್ಲ ಮಾಹಿತಿಯನ್ನೂ ಹೊರತೆಗೆದು ಬೇರೆ ತಂತ್ರಾಂಶದಲ್ಲಿ ತೆರೆಯುತ್ತದೆಯೇ ಎಂದು ನೋಡಿ. ತೆರೆಯದಿದ್ದರೆ ನೀವು ಆ ಸೇವೆಯ ಬಂದಿ. ಖಾತೆ ಮುಚ್ಚುವಾಗ ಮೊದಲು ಮಾಹಿತಿ ಅಳಿಸಿ, ಆಮೇಲೆ ಖಾತೆ ಅಳಿಸಿ. ಆ್ಯಪ್ ತೆಗೆದುಹಾಕಿದರೆ ಖಾತೆ ಹೋಗುವುದಿಲ್ಲ. ಸಿಬ್ಬಂದಿ ಕೆಲಸ ಬಿಟ್ಟ ದಿನವೇ ಅವರ ಪ್ರವೇಶವೂ ಕೊನೆಯಾಗಲಿ.

ಹಂತ 10: ದಾಳಿಯಾದ ದಿನ ಏನು, ಯಾವ ಕ್ರಮದಲ್ಲಿ

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವಂತಾಗಬಾರದು ಎಂದರೆ ಈ ಕ್ರಮವನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಕೋಡ್ ಸ್ಪೇಸಸ್‌ನವರು ಒಂದು ಬಾಗಿಲು ಮುಚ್ಚುವಷ್ಟರಲ್ಲಿ ಒಳಗಿದ್ದವರು ಎಚ್ಚೆತ್ತುಕೊಂಡರು, ಉಳಿದ ಬಾಗಿಲುಗಳು ಅವರಿಗೆ ತೆರೆದೇ ಇದ್ದವು. ಆದ್ದರಿಂದ ತಕ್ಷಣ ಪಾಸ್‌ವರ್ಡ್ ಬದಲಿಸಬೇಕೆನ್ನುವ ಆತುರವನ್ನು ಕೆಲವು ನಿಮಿಷ ತಡೆಯಿರಿ.

1. ಸೋಂಕಿಲ್ಲವೆಂದು ಖಾತ್ರಿಯಿರುವ ಬೇರೊಂದು ಸಾಧನದಿಂದ ಕೆಲಸ ಮಾಡಿ. ಕುತಂತ್ರಾಂಶವಿರುವ ಕಂಪ್ಯೂಟರ್‌ನಲ್ಲಿ ಹೊಸ ಪಾಸ್‌ವರ್ಡ್ ಬರೆದರೆ ಅದೂ ಕಳ್ಳರಿಗೆ ಹೋಗುತ್ತದೆ.
2. ಬ್ಯಾಕಪ್ ಖಾತೆ ಸುರಕ್ಷಿತವೇ ನೋಡಿ, ಮುಖ್ಯ ಖಾತೆಗೂ ಅದಕ್ಕೂ ಇರುವ ಸಂಪರ್ಕ ಕಡಿಯಿರಿ.
3. ಏನನ್ನೂ ಬದಲಿಸದೆ ಎಲ್ಲ ದಾರಿಗಳ ಪಟ್ಟಿ ಮಾಡಿ: ಬಳಕೆದಾರರು, ಆಡಳಿತಗಾರರು, ತಂತ್ರಾಂಶ ಕೀಲಿಗಳು, ಅನುಮತಿ ಪಡೆದ ಆ್ಯಪ್‌ಗಳು, ಮರುಪಡೆಯುವ ಸಂಖ್ಯೆ ಮತ್ತು ವಿಳಾಸಗಳು, ಇಮೇಲನ್ನು ಬೇರೆಡೆಗೆ ತಿರುಗಿಸುವ ನಿಯಮಗಳು.
4. ಯಾರು ಯಾವಾಗ ಏನು ಮಾಡಿದರೆಂಬ ದಾಖಲೆಗಳನ್ನು ಹೊರಗೆ ಉಳಿಸಿಕೊಳ್ಳಿ. ಆಮೇಲೆ ತನಿಖೆಗೂ ಕಾನೂನಿಗೂ ಇವೇ ಬೇಕು.
5. ಈಗ ಎಲ್ಲವನ್ನೂ ಒಟ್ಟಿಗೆ ಮುಚ್ಚಿ: ಎಲ್ಲ ಸೆಷನ್‌ಗಳನ್ನು ಹೊರಹಾಕಿ, ಗುರುತಿಲ್ಲದ ಬಳಕೆದಾರರನ್ನು ತಡೆಹಿಡಿಯಿರಿ, ಕೀಲಿಗಳನ್ನು ರದ್ದುಮಾಡಿ, ಪಾಸ್‌ವರ್ಡ್ ಮತ್ತು ಎರಡನೆಯ ಹಂತದ ದೃಢೀಕರಣ ಹೊಸದಾಗಿ ಹಾಕಿ. ಅಳಿಸುವುದಕ್ಕಿಂತ ತಡೆಹಿಡಿಯುವುದು ಲೇಸು, ಸಾಕ್ಷ್ಯ ಉಳಿಯುತ್ತದೆ.
6. ಯಾರ ಮಾಹಿತಿ ಹೋಗಿರಬಹುದೋ ಅವರಿಗೆ ತಿಳಿಸಿ. ಏನು ಹೋಗಿದೆ, ಅವರು ಏನು ಮಾಡಬೇಕು ಎಂದು ನೇರವಾಗಿ ಹೇಳಿ.

ಕಣ್ಣೆದುರೇ ಕಡತಗಳು ಅಳಿಯುತ್ತಿದ್ದರೆ ಮಾತ್ರ ಮೂರನೆಯ ಮತ್ತು ನಾಲ್ಕನೆಯ ಹೆಜ್ಜೆಗಳನ್ನು ಬಿಟ್ಟು ನೇರವಾಗಿ ಐದಕ್ಕೆ ಹೋಗಿ, ಜೊತೆಯಲ್ಲೇ ಸೇವಾದಾತರ ತುರ್ತು ಸಹಾಯ ಕೇಂದ್ರಕ್ಕೆ ಕರೆ ಮಾಡಿ. ಆ ಕೇಂದ್ರದ ಸಂಖ್ಯೆ, ನಿಮ್ಮ ಖಾತೆಯ ಗುರುತುಸಂಖ್ಯೆ, ಬ್ಯಾಕಪ್ ಎಲ್ಲಿದೆ ಎಂಬ ವಿವರ ಮತ್ತು ಮೇಲಿನ ಆರು ಸಾಲುಗಳನ್ನು ಒಂದೇ ಹಾಳೆಯಲ್ಲಿ ಮುದ್ರಿಸಿ, ತುರ್ತು ಸಂಕೇತಗಳಿರುವ ಅದೇ ಕಪಾಟಿನಲ್ಲಿಡಿ. ಈ ಹಾಳೆಯ ಪ್ರತಿ ಕ್ಲೌಡ್‌ನಲ್ಲಿ ಮಾತ್ರ ಇದ್ದರೆ, ಅದು ಬೇಕಾದ ದಿನ ನಿಮ್ಮ ಕೈಗೆ ಸಿಗುವುದಿಲ್ಲ.